ನಿಲ್ಲದ ಎಂಟು ಕಾಲು

"ಕೇಳ್ರಪ್ಪೋ ಕೇಳಿ! ಹಾಸಿಗೆ ಹಿಡಿದಿರುವ ರಾಜಮಾತೆ ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ಅಮಾವಾಸ್ಯೆಗೆ ತಲೆದಂಡ!"

ಡಂಗುರ ಮನೆಯ ಮುಂದೆ ಹಾದುಹೋದಾಗ ಕಾಟಯ್ಯ ತನ್ನ ಹಸುವಿನ ಬೆನ್ನಿಗೆ ಭುಜ ಕೊಟ್ಟು ನೂಕುತ್ತಿದ್ದ. ತುಂಬು ಗಬ್ಬದ ಕೆಂದಿ ಕೊಟ್ಟಿಗೆಯ ಚಪ್ಪಡಿಯ ಮೇಲೆ ಜಾರಿ ಬಿದ್ದು ಮೂರು ದಿನವಾಗಿತ್ತು. ಮೈಯಡಿ ಸಿಕ್ಕಿದ ಕಾಲು ತಣ್ಣಗಾಗುತ್ತಿತ್ತು. ಜಾವಕ್ಕೊಮ್ಮೆ ಮಗ್ಗುಲು ಬದಲಿಸಬೇಕು. ಒಬ್ಬನ ಕೈಲಿ ಆಗುವ ಕೆಲಸವಲ್ಲ. ಹುಲ್ಲು ತುಂಬಿದ ಗೋಣಿಚೀಲ ಒತ್ತುಕೊಟ್ಟು ಹೇಗೋ ಅರ್ಧ ಹೊರಳಿಸುತ್ತಿದ್ದ.

ಊರವರು ಬಾಗಿಲಲ್ಲೇ ನಿಂತು ನೋಡಿ ಹೋಗುತ್ತಿದ್ದರು. ನೆಲ ಹಿಡಿದ ಹಸು ಯಾರ ಕೈಯಲ್ಲಿ ಪ್ರಾಣ ಬಿಡುತ್ತದೋ ಗೋಹತ್ಯೆಯ ಪಾಪ ಅವರಿಗೇ ಎಂಬುದು ಆ ಊರಿನ ನಂಬಿಕೆ.

"ನನಗೂ ಮಕ್ಕಳಿದ್ದಾರೆ ಕಾಟಯ್ಯ," ಎಂದ ಪಕ್ಕದ ಮನೆಯ ಸಿದ್ಲಿಂಗ. "ನೀರು ತಂದುಕೊಡ್ತೀನಿ. ಮುಟ್ಟು ಅಂತ ಮಾತ್ರ ಅನ್ನಬೇಡ."

"ನೀರೇ ಕೊಡು ಹಾಗಾದರೆ. ನಾನು ಅರಮನೆಗೆ ಹೋಗಿಬರ್ತೀನಿ."

ಅರ್ಧ ರಾಜ್ಯದ ಆಸೆ ಅವನಿಗಿರಲಿಲ್ಲ. ದೊರೆ ಹೇಳಿದರೆ ನಾಲ್ಕು ಕೈ ಬಂದಾವು ಎಂಬುದೊಂದೇ ಲೆಕ್ಕ.

ಅರಮನೆಯ ಓಲಗದಲ್ಲಿ ಪರದೆಯ ಹಿಂದೆ ರಾಜಮಾತೆಯ ಮಂಚ. ಆಗಲೇ ಆರು ಜನ ಸೆರೆ ಸೇರಿದ್ದರು.

"ಎಂಟು ಕಾಲುಂಟು, ನಿಲ್ಲಲು ಒಂದೂ ಇಲ್ಲ. ಏನದು?" ಪರದೆಯ ಹಿಂದಿನ ದನಿ ಕೇಳಿತು.

ಶಾಲು ಹೊದ್ದ ಪಂಡಿತರೊಬ್ಬರು, "ಅಷ್ಟದಿಕ್ಕುಗಳು," ಎಂದರು. ಭಟರು ಅವರನ್ನು ಎಳೆದೊಯ್ದರು.

ಪಾಳೆಗಾರನ ಮಗ ವೀರಭೋಜ ಮೀಸೆ ತಿರುವಿದ. "ಏಡಿ!"

"ಏಡಿ ನಡೆಯುತ್ತದಲ್ಲಪ್ಪ."

"ಸತ್ತ ಏಡಿ!"

ಯಾರೋ ಕಿಸಕ್ಕೆಂದರು. ವೀರಭೋಜ ಎಂಟನೆಯವನಾಗಿ ಸೆರೆಗೆ ನಡೆದ.

ಕಾಟಯ್ಯ ಮುಂದೆ ಬಂದ. "ನಮ್ಮ ಕೊಟ್ಟಿಗೇಲೇ ಬಿದ್ದೈತೆ ಅವ್ವಾ. ಏಳಲಾರದ ಗಬ್ಬದ ಹಸು. ತನ್ನವು ನಾಲ್ಕು, ಹೊಟ್ಟೇಲಿ ನಾಲ್ಕು."

"ಸರಿ," ಎಂದ ದನಿ ಎರಡನೆಯ ಒಗಟು ಕೇಳಿತು.

"ಕತ್ತಿಯಿಲ್ಲ, ಬಾಣವಿಲ್ಲ. ಓಡಾಡುವವರ ತಂಟೆಗೆ ಬರುವುದಿಲ್ಲ. ಮಲಗಿದವರನ್ನು ದಿನವೂ ಇಷ್ಟಿಷ್ಟೇ ತಿನ್ನುತ್ತಾನೆ. ಯಾರು ಆ ಶತ್ರು?"

"ಸ್ವಂತ ಮೈಭಾರ," ಎಂದ ಕಾಟಯ್ಯ.

"ಮಾಡಿದರೆ ಯಾರ ಕಣ್ಣಿಗೂ ಬೀಳದು, ಬಿಟ್ಟರೆ ಮಾತ್ರ ಕಾಣುತ್ತದೆ. ಅದು ಯಾವ ಕೆಲಸ?"

ಕಾಟಯ್ಯ ಬಾಗಿಲಾಚೆಯ ಬಿಸಿಲು ನೋಡಿದ. ಕೆಂದಿಯನ್ನು ಹೊರಳಿಸುವ ಹೊತ್ತು ಮೀರಿತ್ತು. ಈಗ ಕಾಲು ಎಷ್ಟು ತಣ್ಣಗಾಗಿದೆಯೋ.

"ಆರೈಕೆ ಅವ್ವಾ," ಎಂದ ಕೊನೆಗೆ. "ಮೂರು ದಿನದಿಂದ ಹೊರಳಿಸ್ತಾ ಇದ್ದೀನಿ. ಹಸು ಏಳಲಿಲ್ಲ. ಏನು ಮಾಡಿದೆ ಅಂದರೆ ತೋರಿಸೋಕೆ ಏನೂ ಇಲ್ಲ. ಒಂದು ದಿನ ಬಿಟ್ಟರೆ ಹುಣ್ಣು ಕಾಣ್ತದೆ."

ಪರದೆಯ ಹಿಂದಿನಿಂದ, "ಮೂರೂ ಸರಿ," ಎಂಬ ಮಾತು ಬಂತು.

"ನಾನೂ ಗೊಲ್ಲರ ಮನೆಯ ಮಗಳೇ ಕಣಪ್ಪ. ಅಂಥ ಹಸುವನ್ನು ನೋಡಿದ್ದೇನೆ," ಎಂದಿತು ದನಿ. ಆಮೇಲೆ ದೊರೆಯ ಕಡೆಗೆ: "ವರ್ಷವಾಯಿತು ಮಗಾ. ವೈದ್ಯರು ಕಷಾಯ ಕೊಟ್ಟರು, ಪುರೋಹಿತರು ಹೋಮ ಮಾಡಿದರು. ರಾಜಮಾತೆಯ ಮೈ ಮುಟ್ಟಲು ಎಲ್ಲರಿಗೂ ಭಯ. ಬೆನ್ನು ಹುಣ್ಣಾಗಿದೆ. ಬಾಯಿಬಿಟ್ಟು ಕೇಳಲು ನನಗೆ ನಾಚಿಕೆಯಾಯಿತು, ಅದಕ್ಕೇ ಒಗಟು ಕೇಳಿದೆ."

ದೊರೆ ಸಿಂಹಾಸನದಿಂದಿಳಿದು ಪರದೆಯೊಳಗೆ ಹೋದ. ಹೊರಬಂದಾಗ ಅವನ ಕಣ್ಣು ಕೆಂಪಾಗಿತ್ತು. "ಅರ್ಧ ರಾಜ್ಯ ನಿನ್ನದು," ಎಂದ.

"ಬೇಡ ಬುದ್ಧಿ. ಸೆರೆಯಲ್ಲಿರೋ ಆ ಎಂಟು ಜನಾನ ಕೊಡಿ. ಅಮಾವಾಸ್ಯೆಗೆ ಸಾಯೋರು ಪಾಪಕ್ಕೆ ಹೆದರೋದಿಲ್ಲ."

ಸಂಜೆಯೊಳಗೆ ಕೊಟ್ಟಿಗೆಯಲ್ಲಿ ಮರಳಿನ ಹಾಸು ಬಿತ್ತು. ವೀರಭೋಜ ರೇಷ್ಮೆ ತೋಳು ಮಡಚಿದ. ಪಂಡಿತರು ಕಚ್ಚೆ ಬಿಗಿದು ಮಂತ್ರ ಶುರುಮಾಡಿದರು.

"ಮಂತ್ರ ಆಮೇಲೆ ಸ್ವಾಮಿ, ಮೊದಲು ಎತ್ತಿ," ಎಂದ ಕಾಟಯ್ಯ.

ಎತ್ತಿದರು. ಕೆಂದಿಯ ಕಾಲು ಮಡಚಿಕೊಂಡವು. ಮರುದಿನವೂ ಮಡಚಿಕೊಂಡವು. ಹೊರಳಿಸಿದರು, ಕಾಲು ತಿಕ್ಕಿದರು, ಮತ್ತೆ ಹೊರಳಿಸಿದರು. ಅಮಾವಾಸ್ಯೆ ಬಂದು ಹೋಯಿತು. ಅವರ ತಲೆ ಕೇಳಿಕೊಂಡು ಅರಮನೆಯಿಂದ ಯಾರೂ ಬರಲಿಲ್ಲ. ಅವರೂ ಹೊರಡಲಿಲ್ಲ.

ಒಂಬತ್ತನೆಯ ಬೆಳಿಗ್ಗೆ ಕೆಂದಿ ಮಲಗಿದಲ್ಲೇ ಈಯಿತು. ಕರು ನಡುಗುತ್ತ ಎದ್ದಿತು, ಬಿತ್ತು, ಮತ್ತೆ ಎದ್ದು ನಿಂತಿತು.

"ಎಂಟರಲ್ಲಿ ನಾಲ್ಕು ನಿಂತವು," ಎಂದರು ಪಂಡಿತರು ಮೆಲ್ಲಗೆ.

ಕಾಟಯ್ಯ ಉಳಿದ ನಾಲ್ಕನ್ನು ಮುಟ್ಟಿನೋಡಿದ. ಬೆಚ್ಚಗಿದ್ದವು, ಅಷ್ಟೇ.

"ಹೊತ್ತಾಯಿತು. ಈ ಕಡೆಗೆ ಹೊರಳಿಸೋಣ, ಕರು ಕಾಣಲಿ ಅದಕ್ಕೆ."

ಎಂಟು ಜನ ಬಗ್ಗಿದರು. ಬಾಗಿಲಲ್ಲಿ ನಿಂತಿದ್ದ ಸಿದ್ಲಿಂಗ ನೀರಿನ ಕೊಡ ಕೆಳಗಿಟ್ಟು ಒಳಗೆ ಬಂದ, ಕೆಂದಿಯ ಬೆನ್ನಿಗೆ ಕೈಕೊಟ್ಟ.