ಹಾಸುಬಂಡೆಗೆ ಯಾವ ಚಿತ್ರ?

ಬೇರೆ ಶಿಷ್ಯರು ಆಶ್ರಮಕ್ಕೆ ಬಂದದ್ದು ಜ್ಞಾನಕ್ಕೆ. ಓಬಳೇಶ ಬಂದದ್ದು ಜೀಪಿಗೆ.

ಅದನ್ನವನು ಮುಚ್ಚಿಡಲೂ ಇಲ್ಲ. ಮೊದಲ ದಿನ ಆಶ್ರಮದ ಗುರು ಅಜ್ಜಾರ ಕಾಲಿಗೆ ಬಿದ್ದವನು ತಲೆ ಎತ್ತುವ ಮೊದಲೇ ಕೇಳಿದ್ದ, “ಹೊರಗೆ ನಿಂತಿರೋ ಗಾಡಿ ಯಾರು ಓಡಿಸ್ತಾರೆ, ಅಜ್ಜಾರೇ?”

“ಯಾರೂ ಇಲ್ಲ. ಭಕ್ತರೊಬ್ಬರು ಕೊಟ್ಟು ಹೋದರು. ಪಕ್ಕದ ಹೊಲದ ಕರಿಬಸಣ್ಣನ ಕೋಳಿ ಅದರಡಿ ಮೊಟ್ಟೆ ಇಡ್ತಿದೆ.”

“ನಾನು ಓಡಿಸ್ತೀನಿ. ಲೈಸೆನ್ಸ್ ಇದೆ.”

“ಕೋಳಿಗೆ ಒಂದು ಮಾತು ಹೇಳಿ ಹತ್ತು,” ಅಂದರು ಅಜ್ಜಾರು.

ಹಾಗೆ ಕೀಲಿ ಅವನ ಕೈಗೆ ಬಂತು. ಅವತ್ತಿಂದ ಉಣ್ಣುವಾಗಲೂ ಅದು ಅವನ ಎಡಗೈಯಲ್ಲೇ ಇರುತ್ತಿತ್ತು.

ಅದು ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿ. ಗೇರಿನ ಪಕ್ಕ ಒಂದು ದುಂಡನೆಯ ತಿರುಗುವ ಗುಂಡಿ, ಅದರ ಸುತ್ತ ನಾಲ್ಕು ಚಿತ್ರ. ಡಾಂಬರು ರಸ್ತೆ, ಕೆಸರು, ಮರಳು, ಹಿಮದ ಹರಳು. ನೆಲ ಯಾವುದೋ ಆ ಚಿತ್ರಕ್ಕೆ ತಿರುಗಿಸಿದರೆ ಸಾಕು, ಯಾವ ಚಕ್ರಕ್ಕೆ ಎಷ್ಟು ಬಲ ಅನ್ನುವುದನ್ನು ಗಾಡಿಯೇ ನೋಡಿಕೊಳ್ಳುತ್ತಿತ್ತು.

ಫಜೀತಿ ಇದ್ದದ್ದು ಆಶ್ರಮದ ದಾರಿಯಲ್ಲಿ. ಸೋಮವಾರ ಸಂತೆಯಿಂದ ಜೋಳ ತರುವಾಗ ಮೊಣಕಾಲುದ್ದದ ಹೊಳೆ ದಾಟಿ, ದಡದ ಹಾಸುಬಂಡೆ ಹತ್ತಬೇಕು; ಹತ್ತಿದರೆ ಆಶ್ರಮದ ಅಂಗಳ. ಕಣದಷ್ಟು ಅಗಲದ ಇಳಿಜಾರು ಕಲ್ಲು. ಅದರ ತುಂಬ ಹಸಿರು ಪಾಚಿ. ಆ ಕಲ್ಲಿಗೆ ಗುಂಡಿಯಲ್ಲಿ ಚಿತ್ರವೇ ಇರಲಿಲ್ಲ.

ಮೊದಲ ಸೋಮವಾರ ಓಬಳೇಶ ಕೆಸರಿಗೆ ತಿರುಗಿಸಿದ. ಜಾರುವುದೆಲ್ಲ ಕೆಸರೇ ಅಂತ ಅವನ ಲೆಕ್ಕ. ಚಕ್ರಗಳು ಗರಗರ ತಿರುಗಿ ಪಾಚಿ ಎರಚಿದವು. ಗಾಡಿ ಇದ್ದಲ್ಲೇ ಇತ್ತು.

ಎರಡನೇ ಸೋಮವಾರ ಮರಳಿಗೆ ತಿರುಗಿಸಿ, ಹಿಂದಿನಿಂದ ಓಟ ತೆಗೆದು ನುಗ್ಗಿದ. ಅರ್ಧ ಬಂಡೆ ಹತ್ತಿದ ಗಾಡಿ ಅಡ್ಡಡ್ಡ ತಿರುಗಿ, ಮೆರವಣಿಗೆ ಹೊರಟ ಹಾಗೆ ಜಾರಿ ಹೊಳೆಗಿಳಿಯಿತು. ಎರಡು ಮೂಟೆ ಜೋಳ ನೆನೆಯಿತು.

ಎರಡೂ ಸಲ ಮೇಲಿನಿಂದ ಹಗ್ಗ ಬಿಟ್ಟು ಎಳೆದದ್ದು ಕರಿಬಸಣ್ಣನ ಎತ್ತುಗಳು.

“ನಾಲ್ಕು ಚಕ್ರಕ್ಕೂ ಎಂಜಿನ್ ಅಂತೀಯಲ್ಲ ತಮ್ಮಾ, ಕೊನೆಗೆ ಬೇಕಾಗಿದ್ದು ಎಂಟು ಕಾಲು!” ಅಂದ ಕರಿಬಸಣ್ಣ. ಊರಲ್ಲಿ ಸಿಕ್ಕವರಿಗೆಲ್ಲ ಅದನ್ನೇ ಹೇಳಿದ.

ಅಜ್ಜಾರು ನೆನೆದ ಜೋಳ ಮುಟ್ಟಿ ನೋಡಿದರು. “ಮೂರನೇ ಸಲವೂ ಎತ್ತೇ ಎಳೆದರೆ, ಕೀಲಿ ಎತ್ತಿನವನಿಗೆ.”

ಓಬಳೇಶ ಅವತ್ತು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದೇ ಮಲಗಿದ.

ಮೂರನೇ ಸೋಮವಾರ ಅಜ್ಜಾರೂ ಸಂತೆಗೆ ಬಂದರು. ವಾಪಸ್ ಬರುವಾಗ ಬಂಡೆಯ ಬುಡದಲ್ಲಿ, ನೀರಿನಲ್ಲೇ ಓಬಳೇಶ ಗಾಡಿ ನಿಲ್ಲಿಸಿದ. ಮೇಲೆ ನೋಡಿದರೆ ಕರಿಬಸಣ್ಣ ಎತ್ತು ಕಟ್ಟಿಕೊಂಡು ತಯಾರಾಗಿ ನಿಂತಿದ್ದ.

“ಹಗ್ಗ ಈಗಲೇ ಬಿಡ್ಲಾ? ಇಲ್ಲ, ಸ್ವಲ್ಪ ಜಾರಿ ಆಡ್ಕೊಂಡು ಬರ್ತೀಯಾ?”

ಓಬಳೇಶ ಹಲ್ಲು ಕಚ್ಚಿದ. “ಅಜ್ಜಾರೇ, ಯಾವ ಚಿತ್ರ ಇಡಲಿ?”

“ನನಗೆ ಸ್ಟೇರಿಂಗ್ ಹಿಡಿಯೋಕೇ ಬರಲ್ಲ. ಮೊದಲು ನನ್ನನ್ನ ಮೇಲೆ ಬಿಟ್ಟು ಬಾ. ಬೆನ್ನ ಮೇಲೆ ಹೊತ್ತುಕೋ.”

ಅಜ್ಜಾರು ನೋಡಲು ಕಡ್ಡಿ, ಹೊತ್ತರೆ ಮೂಟೆ. ಓಬಳೇಶ ಚಪ್ಪಲಿ ಕಳಚಿ, ಪಾಚಿಯ ಮೇಲೆ ಕಾಲಿಟ್ಟ.

“ಓಡು,” ಅಂದರು ಅಜ್ಜಾರು ಕಿವಿಯ ಹತ್ತಿರ.

“ಓಡಿದ್ರೆ ಇಬ್ಬರೂ ಹೊಳೆಗೆ!”

“ಹಾಗಾದರೆ ಜೋರಾಗಿ ಒದ್ದು ಹತ್ತು.”

“ಒದ್ದಷ್ಟೂ ಜಾರುತ್ತೆ ಅಜ್ಜಾರೇ!”

“ಮತ್ತೆ ಈಗ ಹೇಗೆ ಹತ್ತುತಿದ್ದೀಯ?”

“ಮೆತ್ತಗೆ. ಎರಡೂ ಕಾಲಿಗೆ ಸಮ ಭಾರ ಕೊಟ್ಟು. ಬಿಸಿ ಪಾಯಸ ಹೊತ್ತವರ ಹಾಗೆ. ನಿಮಗೆ ಪುಣ್ಯ ಬರುತ್ತೆ, ಮಾತಾಡಿಸಬೇಡಿ!”

ಮೇಲೆ ಬಂದು ಓಬಳೇಶ ಅವರನ್ನು ಇಳಿಸಿದ. ಅಜ್ಜಾರು ಪಂಚೆ ಸರಿಮಾಡಿಕೊಂಡರು.

“ನೀನು ಹತ್ತಿದ ಹಾಗೆ ಹತ್ತೋ ಚಿತ್ರ ಆ ಗುಂಡಿಯಲ್ಲಿ ಯಾವುದು?”

ಓಬಳೇಶ ಯೋಚಿಸಿದ. ಕೆಸರಿನ ಚಿತ್ರ ಒದೆಯುತ್ತದೆ. ಮರಳಿನದು ನುಗ್ಗುತ್ತದೆ. ಡಾಂಬರಿನದಕ್ಕೆ ಜಾರುವುದೇ ಗೊತ್ತಿಲ್ಲ. ಹಿಮದ್ದನ್ನು ಒಮ್ಮೆ ಬಯಲಿನಲ್ಲಿ ಸುಮ್ಮನೆ ಹಾಕಿ ನೋಡಿದ್ದ. ಎಷ್ಟು ಒತ್ತಿದರೂ ಗಾಡಿ ಮೆಲ್ಲ ಮೆಲ್ಲ ಹೊರಟಿತ್ತು. ಸೋಮಾರಿ ಅಂತ ಬೈದು ತೆಗೆದಿದ್ದ.

“ಆದರೆ ಅದು ಹಿಮದ್ದು ಅಜ್ಜಾರೇ! ಐಸ್ ಕ್ಯಾಂಡಿ ಡಬ್ಬಿ ಬಿಟ್ಟರೆ ಈ ಸೀಮೆಯಲ್ಲಿ ಹಿಮ ಎಲ್ಲಿದೆ?”

“ಈ ಮಾತು ಬಂಡೆಗೆ ಗೊತ್ತಾ?”

ಓಬಳೇಶ ಬಂಡೆಯತ್ತ ನೋಡಿದ. ತಿರುಗಿ ಬಂಡೆ ಇಳಿದ.

“ಹಿಮಕ್ಕೆ ಇಡ್ತೀಯಾ? ಕಂಬಳಿ ಹೊದ್ಕೊಳ್ಳೋ, ನೆಗಡಿ ಆದೀತು!” ಕರಿಬಸಣ್ಣ ಬಿದ್ದು ಬಿದ್ದು ನಕ್ಕ.

ಓಬಳೇಶ ಗುಂಡಿ ತಿರುಗಿಸಿದ. ಹಿಮದ ಹರಳಿನ ದೀಪ ಹೊತ್ತಿಕೊಂಡಿತು. ಆಕ್ಸಿಲರೇಟರಿನ ಮೇಲೆ ಪಾದ ಇಟ್ಟ, ಒತ್ತಿದನೋ ಇಲ್ಲವೋ ಅನ್ನುವಷ್ಟು.

ಗಾಡಿ ನೀರಿನಿಂದ ಎದ್ದಿತು. ಮುಂದಿನ ಚಕ್ರ ಪಾಚಿ ಮುಟ್ಟಿತು, ಒಂದು ಗೇಣು ಜಾರಿತು. ಜೋರಾಗಿ ಒತ್ತು, ಒತ್ತು ಅಂತ ಕಾಲು ಚಡಪಡಿಸಿತು. ಬೆನ್ನು ಮಾತ್ರ ಬೇಡ ಅಂದಿತು. ಅಲ್ಲಿನ್ನೂ ಅಜ್ಜಾರ ಭಾರ ಇದ್ದ ಹಾಗಿತ್ತು. ಓಬಳೇಶ ಕಾಲು ಸಡಿಲ ಬಿಟ್ಟ. ಜಾರಿದ ಚಕ್ರ ನಿಧಾನವಾಯಿತು, ಉಳಿದ ಮೂರು ಚಕ್ರ ಕಲ್ಲು ಹಿಡಿದವು.

ಒಂದು ಮೊಳ. ಇನ್ನೊಂದು ಮೊಳ.

ಹೋದ ವಾರ ಅಡ್ಡ ತಿರುಗಿದ ಜಾಗ ಬಂತು. ಓಬಳೇಶ ಉಸಿರು ಬಿಗಿಹಿಡಿದ. ಆ ಜಾಗ ಹಿಂದೆ ಹೋಯಿತು.

ಕರಿಬಸಣ್ಣನ ನಗೆ ನಿಂತಿತು. ಎತ್ತುಗಳೂ ಮೆಲುಕು ನಿಲ್ಲಿಸಿದವು.

ಮುಂದಿನ ಚಕ್ರ ಮಣ್ಣು ಹತ್ತಿತು. ಹಿಂದಿನದೂ ಹತ್ತಿತು. ಒಂದು ಕಾಳೂ ನೆನೆದಿರಲಿಲ್ಲ!

ಓಬಳೇಶ ಹಾರನ್ನಿನ ಮೇಲೆ ಎರಡೂ ಕೈ ಒತ್ತಿ ಹಿಡಿದ. ಬೆದರಿದ ಎತ್ತುಗಳು ಹಗ್ಗ ಸಮೇತ ಹೊಲದ ಕಡೆ ಓಟ ಕಿತ್ತವು. “ಏಯ್, ಹೋ, ಹೋ!” ಅಂತ ಪಂಚೆ ಎತ್ತಿಕಟ್ಟಿ ಕರಿಬಸಣ್ಣ ಹಿಂದೆ ಓಡಿದ.

“ಕರಿಬಸಣ್ಣಾ, ಎಂಟು ಕಾಲಿಗೆ ಬ್ರೇಕ್ ಎಲ್ಲಿದೆ?” ಕೂಗಿದ ಓಬಳೇಶ. ಅಡುಗೆಯ ಪಾರಕ್ಕ ಸೌಟಿನಿಂದ ತಟ್ಟೆ ಬಡಿಯುತ್ತ ಹೊರಗೆ ಬಂದಳು. ಧ್ಯಾನಕ್ಕೆ ಕೂತವರೂ ಎದ್ದು ಬಂದು ಶಿಳ್ಳೆ ಹಾಕಿದರು.

ಓಬಳೇಶ ಕೀಲಿ ತೆಗೆದುಕೊಂಡು ಗಾಡಿಯಿಂದ ಜಿಗಿದು ಅಜ್ಜಾರ ಮುಂದೆ ನಿಂತ. ಮುಖವೆಲ್ಲ ಹಲ್ಲು.

“ಗೊತ್ತಾಯ್ತು ಅಜ್ಜಾರೇ! ಗಾಡಿ ಮಾಡಿದವರು ಹೆಸರು ತಪ್ಪು ಹಾಕಿದ್ದಾರೆ, ಅಷ್ಟೇ. ಆ ಹಿಮದ ಚಿತ್ರ ಕೆರೆದು ತೆಗೀತೀನಿ. ಆ ಜಾಗದಲ್ಲಿ ‘ಪಾಚಿ’ ಅಂತ ಪೇಂಟಲ್ಲಿ ಬರೀಲಾ?”

ಅಜ್ಜಾರು ಅವನ ಅಂಗೈಯಲ್ಲಿದ್ದ ಕೀಲಿಯ ಮೇಲೆ ಅವನ ಬೆರಳು ಮಡಿಸಿದರು.

“ಬರಿಯಪ್ಪಾ, ಬರಿ. ಸೀಮೆಸುಣ್ಣದಲ್ಲಿ ಬರಿ, ನಾಳೆ ಬೇರೆ ನೆಲ ಬಂದರೆ ಅಳಿಸಬಹುದು.”