ನರಿ ಹಂಚಿದ ಚಾರ್ಜಿಂಗ್ ಪ್ಯಾಡ್

ಒಂದು ಕಾಡಿನಲ್ಲಿ ಪ್ರಾಣಿಗಳೆಲ್ಲ ಫೋನ್ ಇಟ್ಟುಕೊಂಡಿದ್ದವು. ನಗಬೇಡಿ, ಅದು ಶೋಕಿಗಲ್ಲ. ಆ ಕಾಡಿನ ನಡುವೆ ದೊಡ್ಡ ಜಲಪಾತವಿತ್ತು. ಅದರ ಭೋರ್ಗರೆತದಲ್ಲಿ ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಅದಕ್ಕೇ ಎತ್ತರದ ಮರದ ಮೇಲೆ ಕಾವಲು ಕೂರುತ್ತಿದ್ದ ಮುಸುವ ಎಂಬ ಕೋತಿ, ಅಪಾಯ ಕಂಡ ಕೂಡಲೇ ಎಲ್ಲರಿಗೂ ಫೋನ್ ಮಾಡಿ ಎಚ್ಚರಿಸುತ್ತಿತ್ತು.

ಇದರಿಂದ ನರಿಗೆ ಹೊಟ್ಟೆಪಾಡೇ ಕಷ್ಟವಾಯಿತು. ಎಲ್ಲಿ ಹೋದರೂ ಬೇಟೆ ಮೊದಲೇ ಪರಾರಿ! ಅದು ಎಲ್ಲಿಂದಲೋ ಒಂದಷ್ಟು ಕಳಪೆ ವೈರ್‌ಲೆಸ್ ಚಾರ್ಜಿಂಗ್ ಪ್ಯಾಡ್ ಹೊತ್ತು ತಂದಿತು. ಫೋನ್ ಇಟ್ಟರೆ ಸಾಕು, ಕಾದ ಕಾವಲಿಯ ಹಾಗೆ ಬಿಸಿಯಾಗುತ್ತಿದ್ದವು. ಅವನ್ನೇ ನಗುನಗುತ್ತಾ ಎಲ್ಲರಿಗೂ ಹಂಚಿತು.

ಬಿದಿರು ಮೆಳೆಯಲ್ಲಿ ಒಂದು ಕಾಡುಕೋಳಿ ಮೊಟ್ಟೆಗಳಿಗೆ ಕಾವು ಕೊಡುತ್ತಿತ್ತು. ನರಿ ಅಲ್ಲಿಗೂ ಬಂತು.

"ಕೋಳಕ್ಕಾ, ಇನ್ನು ವೈರಿನ ಗೋಳಿಲ್ಲ. ಫೋನನ್ನು ಇದರ ಮೇಲೆ ಮಲಗಿಸಿಬಿಡಿ, ತೆಗೆಯಲೇಬೇಡಿ."

ಕೋಳಿ ಫೋನ್ ಇಟ್ಟು ಮುಟ್ಟಿ ನೋಡಿ, "ಅಯ್ಯೋ ನರಿಯಣ್ಣ, ಇದು ಸುಡ್ತಿದೆಯಲ್ಲ!" ಎಂದಿತು.

"ಸುಡಲೇಬೇಕು! ಮೊಟ್ಟೆಗೆ ಕಾವು ಬೇಡವೇ? ಬ್ಯಾಟರಿಗೂ ಹಾಗೇ. ಬಿಸಿ ಹೆಚ್ಚಾದಷ್ಟೂ ಶಕ್ತಿ ಹೆಚ್ಚು."

ಕಾವು ಎಂದರೆ ಜೀವ ಎಂದೇ ತಿಳಿದ ತಾಯಿ ಅದು. ನಂಬಿತು. ಫೋನಿನ ಮೇಲೆ ಒಣಗಿದ ಎಲೆ, ತನ್ನದೇ ಪುಕ್ಕ ಎಲ್ಲ ಹೊದಿಸಿತು. ಎಂಥ ನಾಚಿಕೆಗೇಡಿ ನರಿ! ತಾಯಿಯ ಅಕ್ಕರೆಯನ್ನೇ ಬಲೆ ಮಾಡಿಕೊಂಡಿತು.

ಕೆಲವೇ ದಿನಗಳಲ್ಲಿ ಚಾರ್ಜ್ ನಿಲ್ಲದಾಯಿತು. ಬೆಳಿಗ್ಗೆ ತುಂಬಿದ್ದು ಮಧ್ಯಾಹ್ನಕ್ಕೆ ಖಾಲಿ. ಕೋಳಿ ಕೇಳಿದರೆ ನರಿ ಅದನ್ನೇ ಗದರಿತು. "ನಿಮ್ಮ ಫೋನೇ ಸರಿ ಇಲ್ಲ. ಇನ್ನೂ ಚೆನ್ನಾಗಿ ಹೊದಿಸಿ!" ಪಾಪದ ಕೋಳಿ ಇನ್ನಷ್ಟು ಎಲೆ ತಂದು ಹಾಕಿತು.

ಒಂದು ಮಧ್ಯಾಹ್ನ ಕೋಳಿ ಫೋನ್ ಹಿಡಿದುಕೊಂಡು ನೀರು ಕುಡಿಯಲು ಹೋಯಿತು. ನರಿ ಸದ್ದಿಲ್ಲದೆ ಗೂಡಿನತ್ತ ನಡೆಯಿತು. ಮರದ ಮೇಲಿಂದ ಮುಸುವ ಅದನ್ನು ನೋಡಿತು. ಕೂಡಲೇ ಕೋಳಿಗೆ ಫೋನ್ ಮಾಡಿತು. ಸ್ವಿಚ್ ಆಫ್! ಮತ್ತೆ ಮಾಡಿತು. ಸ್ವಿಚ್ ಆಫ್! ಗಂಟಲು ಹರಿಯುವಂತೆ ಕೂಗಿದರೂ ನೀರಿನ ಸದ್ದಿನಲ್ಲಿ ಕೇಳಲಿಲ್ಲ. ಕೊಂಬೆಯಿಂದ ಕೊಂಬೆಗೆ ಹಾರಿ ಅದು ಗೂಡು ತಲುಪುವಷ್ಟರಲ್ಲಿ ನರಿ ಓಡಿಹೋಗಿತ್ತು. ಉಳಿದಿದ್ದು ಒಂದೇ ಮೊಟ್ಟೆ.

ಕೋಳಿ ಬಂದು ಒಡೆದ ಚಿಪ್ಪುಗಳನ್ನು ನೋಡಿತು. ಮುಸುವ ಅದರ ಫೋನ್ ತೆಗೆದು ನೋಡಿತು. ಬ್ಯಾಟರಿ ಉಬ್ಬಿಹೋಗಿತ್ತು.

"ಕೋಳಕ್ಕಾ, ನಾನೂ ವೈರಿಲ್ಲದ ಪ್ಯಾಡ್ ಮೇಲೇ ಇಡೋದು. ಆದರೆ ನರಿ ಕೊಟ್ಟಿದ್ದಲ್ಲ, ಒಳ್ಳೇ ಪ್ಯಾಡು. ನೆರಳಲ್ಲಿ ಸರಿಯಾಗಿ ನಡುವೆ ಇಡ್ತೀನಿ, ಏನೂ ಹೊದಿಸಲ್ಲ, ಬಿಸಿಯಾದರೆ ಎತ್ತಿಬಿಡ್ತೀನಿ. ಬ್ಯಾಟರಿಯನ್ನು ತಿನ್ನೋದೇ ಬಿಸಿ. ಆ ದ್ರೋಹಿಗೆ ಅದು ಗೊತ್ತಿತ್ತು!"

"ಗೊತ್ತಿದ್ದೂ ಹೇಳಿದನೇ? ನನ್ನ ಮೊಟ್ಟೆಗಳ ಹೆಸರು ಹೇಳಿಯೇ ನಂಬಿಸಿದನಲ್ಲ!" ಕೋಳಿ ಸಿಟ್ಟಿನಿಂದ ಆ ಪ್ಯಾಡನ್ನು ಒದ್ದು ಆಚೆ ತಳ್ಳಿತು.

ಅತ್ತ ನರಿ ಓಡುವ ಭರದಲ್ಲಿ ಒಂದು ಆಳವಾದ ಗುಂಡಿಗೆ ಬಿದ್ದಿತ್ತು. ಕಾಲು ಮುರಿದಿತ್ತು. ಅದು ಗಾಬರಿಯಿಂದ ಮೊಲಕ್ಕೆ ಫೋನ್ ಮಾಡಿತು. ಸ್ವಿಚ್ ಆಫ್. ಮುಳ್ಳುಹಂದಿಗೆ ಮಾಡಿತು. ಸ್ವಿಚ್ ಆಫ್. ಜಿಂಕೆ, ನವಿಲು, ಕಾಡೆಮ್ಮೆ ಎಲ್ಲರದೂ ಸ್ವಿಚ್ ಆಫ್. ಕೊನೆಗೆ ಮುಸುವನ ಫೋನ್ ರಿಂಗಾಯಿತು.

"ಮುಸುವಣ್ಣಾ, ಗುಂಡಿಗೆ ಬಿದ್ದಿದ್ದೀನಿ! ಬೇಗ ನಾಲ್ಕು ಜನರನ್ನು ಕರೆದುಕೊಂಡು ಬಾ!"

ಮುಸುವ ಫೋನನ್ನು ಕೋಳಿಯ ಕೊಕ್ಕಿನ ಹತ್ತಿರ ಹಿಡಿಯಿತು.

"ಯಾರನ್ನು ಕರೆಯೋದು ನರಿಯಣ್ಣ?" ಎಂದಿತು ಕೋಳಿ. "ಎಲ್ಲರ ಫೋನೂ ನಿನ್ನ ಪ್ಯಾಡ್ ಮೇಲೆ ಸತ್ತು ಬಿದ್ದಿವೆ."

ಅಷ್ಟು ಹೇಳಿ ಅದು ಉಳಿದ ಒಂದು ಮೊಟ್ಟೆಯ ಮೇಲೆ ಹೋಗಿ ಕುಳಿತಿತು.

ನೀತಿ: ನಂಬಿದವರಿಗೆ ಗೊತ್ತಿದ್ದೂ ಸುಳ್ಳು ಹೇಳಿ ಕೆಡಿಸಿದವನು, ತನಗೆ ಕಷ್ಟ ಬಂದಾಗ ಕರೆಯಲು ಯಾರನ್ನೂ ಉಳಿಸಿಕೊಂಡಿರುವುದಿಲ್ಲ.