ಎಲ್ಲದಕ್ಕೂ ಹ್ಞೂಂ ಅಂದ ಕತ್ತಲೆ

ಒಂದಾನೊಂದು ಊರಿನಲ್ಲಿ, ಊಟ ಮುಗಿದು ಕೈ ಒಣಗಿದ ಮೇಲಷ್ಟೇ ನೆನೆಯಬೇಕಾದ ಊರಿನಲ್ಲಿ, ಒಬ್ಬ ಉದ್ದನೆಯ ರಾಜ ಇದ್ದ. ನೀವು ಐದು ಜನ ಕೂತಿದ್ದೀರಿ. ಕತೆಗೆ ಹ್ಞೂಂ ಅನ್ನುವವರು ಬೇಕು, ಇಲ್ಲದಿದ್ದರೆ ಅದು ನಿಂತಲ್ಲೇ ನಿಲ್ಲುತ್ತದೆ. ಆದ್ದರಿಂದ ಅನ್ನುತ್ತಾ ಇರಿ. ಮೆಲ್ಲಗೆ ಅನ್ನಿ.

ರಾಜ ಉದ್ದ, ಆ ಊರಿನ ಕಾಡು ಗಿಡ್ಡ. ಮಧ್ಯಾಹ್ನ ಉಂಡು ರಾಜ ಕಾಡಿನಲ್ಲಿ ಮಲಗುತ್ತಿದ್ದ. ತಲೆ ಕಾಡಿನ ಆ ತುದಿಗೆ ತಾಗುತ್ತಿತ್ತು, ಪಾದ ಈ ತುದಿಯಿಂದ ಹೊರಗೆ ಬರುತ್ತಿತ್ತು. ಹತ್ತು ಬೆರಳಿಗೂ ಬಿಸಿಲು.

"ಮಂತ್ರೀ, ನನ್ನ ಬೆರಳು ಸುಡಾಕತ್ಯಾವ. ಕಾಡು ಒಂದೀಟು ಬೆಳಸು," ಅಂದ ರಾಜ.

ಮಂತ್ರಿ ನೂರು ಮರ ನೆಡಿಸಿದ. ಮರ ಬೆಳೆದವು, ಕಾಡು ಬೆಳೆಯಲಿಲ್ಲ. ಮರಗಳ ನಡುವೆ ಬಿಸಿಲು ಸಂತೆಗೆ ಬಂದವರ ಹಾಗೆ ನಿಂತೇ ಇತ್ತು. ಕಾಡು ಕಾಯುವ ಬರಮಜ್ಜ ಅದನ್ನು ನೋಡಿ ನಕ್ಕ.

"ಗಿಡ ಅಂದ್ರ ಗೂಟ, ಮಂತ್ರಿಗಳ. ಕಾಡು ಅಂದ್ರ ಕತ್ತಲಿ. ಕತ್ತಲಿ ಹಾರಿ ಹೋಗಬಾರದಂತ ದೇವ್ರು ಗೂಟ ಬಡದಾನ. ನೀವು ಬರೇ ಗೂಟ ಬಡದೀರಿ."

ಕತ್ತಲೆ ಎಲ್ಲಿಂದ ತರಬೇಕು? ಅರಮನೆಯಲ್ಲಿ ಇರಲಿಲ್ಲ, ಅಲ್ಲಿ ಮೂಲೆಗೊಂದು ದೀಪ. ಕತ್ತಲೆ ಇದ್ದದ್ದು ಜನರ ಮನೆಗಳಲ್ಲಿ. ಅಟ್ಟದ ಮೇಲೆ, ಗಡಿಗೆ ಸಾಲಿನ ಹಿಂದೆ, ಮಂಚದ ಕೆಳಗೆ. ಮನೆಗೊಂದು ಕೊಡ ಕತ್ತಲೆ ಸಿಕ್ಕರೆ ರಾಜನ ಬೆರಳಿಗೆ ಸಾಕು ಎಂದು ಬರಮಜ್ಜ ಹೇಳಿದ.

"ನಾಳೆನ ತಗೊಂಡ ಬರ್ರಿ," ಅಂದ ರಾಜ.

"ಕೇಳದ ತಗೊಂಡ್ರ ಕಳವು, ಕೇಳಿ ತಗೊಂಡ್ರ ಕಂದಾಯ," ಅಂದ ಮಂತ್ರಿ.

"ಹಂಗಾರ ಕೇಳ್ರಿ."

"ಕೇಳಿದಾಗ ಒಲ್ಲೆ ಅಂದ್ರ ನಮ್ಮ ಮಾನ ಹೋಗ್ತದ. ಅದಕ್ಕ, ಕೇಳಿದ್ರ ಏನಂತೀರಿ ಅಂತ ಮೊದಲ ಕೇಳಬೇಕು."

ರಾಜನಿಗೆ ಈ ಮಾತು ಹಿಡಿಸಿತು. ಕೇಳಲು ದುಂಡವ್ವನನ್ನು ಕರೆಸಿದರು.

ದುಂಡವ್ವ ಆ ಊರಿನಲ್ಲಿ ಕರೆ ಹೇಳುವವಳು. ತೊಟ್ಟಿಲಿರಲಿ, ಮದುವೆಯಿರಲಿ, ಮನೆಮನೆಯ ಹೊಸ್ತಿಲಲ್ಲಿ ನಿಂತು ಕುಂಕುಮ ಹಚ್ಚಿ ಹೆಣ್ಣುಮಕ್ಕಳನ್ನು ಕರೆದು ಬರುವುದು ಅವಳ ಕೆಲಸ. ಅದು ಮುತ್ತೈದೆ ಮಾಡುವ ಕೆಲಸ. ದುಂಡವ್ವ ಮುತ್ತೈದೆಯೋ ಅಲ್ಲವೋ ಎಂಬ ಮಾತು ಹನ್ನೆರಡು ವರ್ಷದ ಹಿಂದೆ ಒಮ್ಮೆ ಪಂಚರ ಮುಂದೆ ಬಂದಿತ್ತು.

ಅದು ಹೀಗಾಯಿತು. ಅವಳ ಗಂಡ ಸಾತಪ್ಪ ಒಂದು ಮಧ್ಯಾಹ್ನ ಜೋಳ ತೆಗೆಯಲು ಹಗೇವಿಗೆ ಇಳಿದ. ಹಗೇವು ಅಂದರೆ ಪಡಸಾಲೆಯ ನೆಲದಡಿ ಜೋಳ ತುಂಬಿಡಲು ತೋಡಿದ ಆಳದ ಗುಂಡಿ, ಬಾಯಿಗೆ ಒಂದು ಹಾಸುಗಲ್ಲು. ಇಳಿದವನು ಮೇಲೆ ಬರಲಿಲ್ಲ. ದೀಪ ಇಳಿಸಿದರು, ದೀಪ ಆರಿತು. ಹಗ್ಗ ಇಳಿಸಿದರು, ಹಗ್ಗ ಮುಗಿಯಿತು, ಹಗೇವು ಮುಗಿಯಲಿಲ್ಲ. ದುಂಡವ್ವ ಬಗ್ಗಿ ಕೂಗಿದಳು. ಗಂಡನ ಹೆಸರು ಹಿಡಿಯುವಂತಿಲ್ಲವಲ್ಲ, ಎಲ್ಲ ಹೆಂಡಿರ ಹಾಗೆ "ರೀ" ಎಂದು ಕೂಗಿದಳು.

ಒಳಗಿನಿಂದ "ಹ್ಞೂಂ" ಎಂದು ಬಂತು.

ಪಂಚರು ತಲೆ ತುರಿಸಿಕೊಂಡರು. ಓಗೊಡುವ ಗಂಡ ಇದ್ದಾನೆಂದ ಮೇಲೆ ಇವಳು ಮುತ್ತೈದೆ, ಕುಂಕುಮ ಇರಲಿ, ಎಂದರು. ಅಂದಿನಿಂದ ದಿನಾ ಮಧ್ಯಾಹ್ನ ದುಂಡವ್ವ ಕಲ್ಲು ಸರಿಸಿ, "ರೀ, ಉಂಡ್ರೇನು?" ಎಂದು ಕೇಳುತ್ತಿದ್ದಳು. "ಹ್ಞೂಂ" ಎಂದು ಬಂದ ಮೇಲೆ ತಾನು ರೊಟ್ಟಿ ಮುರಿಯುತ್ತಿದ್ದಳು.

ಈಗ ರಾಜನ ಕೆಲಸ ಕೇಳಿ ಅವಳು ಲೆಕ್ಕ ಹಾಕಿದಳು. ಊರು ಒಪ್ಪಿದರೆ ಅವಳ ಮನೆಯಿಂದಲೂ ಒಂದು ಕೊಡ ಹೋಗಬೇಕು. ಅವಳ ಮನೆಯ ಕತ್ತಲೆಯೆಲ್ಲ ಇದ್ದದ್ದು ಹಗೇವಿನಲ್ಲಿ. ಗಂಡ ಕೊಡದಲ್ಲಿ ಹೋಗುತ್ತಾನೋ ಹಗೇವಿನಲ್ಲಿ ಉಳಿಯುತ್ತಾನೋ ಯಾರು ಬಲ್ಲರು? ಆ ಹ್ಞೂಂ ಹೋದರೆ ಕುಂಕುಮವೂ ಹೋಗುತ್ತದೆ, ಹೊಸ್ತಿಲು ಹೊಸ್ತಿಲು ತಿರುಗುವ ಕೆಲಸವೂ ಹೋಗುತ್ತದೆ. ಆದರೆ ರಾಜ ಹೇಳಿದ ಮೇಲೆ ಹೋಗಲೇಬೇಕು. ಹೌದಕ್ಕೆ ಅವರೆಕಾಳು, ಇಲ್ಲಕ್ಕೆ ಹುರುಳಿಕಾಳು. ಸೆರಗಿನ ಗಂಟಿಗೆ ಹಾಕಿಕೊಳ್ಳುತ್ತಾ ಹೊರಟಳು.

ಮೊದಲನೆಯದು ಗಾಣದ ಕಲ್ಲವ್ವನ ಮನೆ.

"ಕಾಡು ಬೇಕೇನ ಕಲ್ಲವ್ವ?"

"ಬೇಕಲ್ಲದ. ಕಾಡಿದ್ರ ಮಳಿ."

"ಒಂದು ಕೊಡ ಕತ್ತಲಿ ಕೇಳಿದ್ರ ಏನಂತಿ?"

"ಕಾಡು ಊರಿಂದು, ಕತ್ತಲಿ ನಮ್ಮ ಮನೀದು. ಎರಡೂ ಒಂದ ಹೆಂಗಾಗ್ತಾವ? ಬಾಜೂ ಮನ್ಯಾಗ ಕೇಳು. ಆಕಿ ಕಸಾ ಹೊಡದು ವರ್ಷ ಆತು, ಮನಿ ತುಂಬ ಕತ್ತಲಿ."

ದುಂಡವ್ವ ಒಂದು ಹುರುಳಿಕಾಳು ಹಾಕಿಕೊಂಡಳು. ಆಗ ಒಳಗೆ ಗಡಿಗೆ ಸಾಲಿನ ಹಿಂದಿನಿಂದ ಯಾರೋ "ಹ್ಞೂಂ" ಅಂದರು.

"ಒಳಗ ಯಾರದಾರ?"

"ಯಾರೂ ಇಲ್ಲ. ಅವರು ಗಾಣಕ್ಕ ಹೋಗ್ಯಾರ," ಅಂದಳು ಕಲ್ಲವ್ವ.

ಬಾಜೂ ಮನೆಯ ಶಾಂತವ್ವ ಬಾಗಿಲಲ್ಲೇ ಕಾದಿದ್ದಳು. "ಆಕಿ ಒಲ್ಲೆ ಅಂದ್ಲೇನು? ಹಂಗಾರ ನಾ ಹೌದು. ಎರಡು ಕೊಡ ಅಂತ ಹೇಳು. ಒಯ್ಯಾಕ ಬಂದಾಗ ನೋಡೂಣಂತ."

ಅವರೆಕಾಳು. ಮಂಚದ ಕೆಳಗಿನಿಂದ "ಹ್ಞೂಂ."

ಹೊಸದಾಗಿ ಮದುವೆಯಾದ ನೀಲವ್ವ ಬಾಯಿಗೆ ಸೆರಗು ಹಿಡಿದು, "ಹಗಲಿನ ಕತ್ತಲಿ ಬೇಕಾದಷ್ಟು ಒಯ್ಯಿ ಚಿಗವ್ವ, ರಾತ್ರೀದು ಬಿಡು," ಅಂದಳು. ಅವಳ ಮಾವ ಕಟ್ಟೆಯ ಮೇಲಿನಿಂದ ಕೆಮ್ಮಿದ. ಇದಕ್ಕೆ ಯಾವ ಕಾಳು ಎಂದು ದುಂಡವ್ವನಿಗೆ ತಿಳಿಯಲಿಲ್ಲ. ಅವರೆ ಹಾಕಿದಳು. ಅಟ್ಟದ ಮೇಲಿನಿಂದ "ಹ್ಞೂಂ."

ಹೀಗೆ ಮನೆ ಆಯಿತು, ಮನೆ ಆಯಿತು. ಕಾಡಿನ ಕಡೆ ಕೈ ಮಾಡಿ ಕೇಳಿದರೆ ಅವರೆ ಬೀಳುತ್ತಿತ್ತು. ಮನೆಯೊಳಗೆ ಕೈ ಮಾಡಿ ಕೇಳಿದರೆ ಹುರುಳಿ ಬೀಳುತ್ತಿತ್ತು. ಆದರೆ ಅವಳು ಕೈಯನ್ನು ಎತ್ತ ಮಾಡಿದರೂ, ಮನೆಯವರು ಹೌದೆಂದರೂ ಇಲ್ಲವೆಂದರೂ, ಮೂಲೆಯ ಕತ್ತಲೆ ಮಾತ್ರ ಹ್ಞೂಂ ಅನ್ನುತ್ತಿತ್ತು. ಮನೆಯವರಿಗೆ ಅದು ಕೇಳುತ್ತಿರಲಿಲ್ಲ. ಹುಟ್ಟಿದಾಗಿನಿಂದ ಕೇಳಿದ್ದು ಯಾರಿಗೆ ಕೇಳುತ್ತದೆ?

ನಲವತ್ತನೆಯ ಮನೆಯಲ್ಲಿ ದುಂಡವ್ವ ಕಾಳು ಹಾಕುವುದನ್ನು ಬಿಟ್ಟು ಕಿವಿಗೊಟ್ಟಳು. ಆ ಧ್ವನಿ ಅವಳಿಗೆ ಗೊತ್ತಿತ್ತು. ಗಂಟಲಲ್ಲಿ ತಂಬಾಕು ಸಿಕ್ಕಿಕೊಂಡ ಹಾಗೆ ಒಡೆದು ಬರುವ ಹ್ಞೂಂ. ಹನ್ನೆರಡು ವರ್ಷ ಅದನ್ನು ಕೇಳಿಯೇ ಅವಳು ರೊಟ್ಟಿ ಮುರಿದಿದ್ದಳು.

ಅರವತ್ತು ಮನೆ ಮುಗಿದವು. ಅವರೆ ಮೂವತ್ತು, ಹುರುಳಿ ಮೂವತ್ತು. ಕತ್ತಲೆಯ ಹ್ಞೂಂ ಬಗ್ಗೆ ಅವಳು ಮಂತ್ರಿಗೆ ಹೇಳಲಿಲ್ಲ. ಹೇಳಿದರೆ, ಹಾಗಾದರೆ ನಿನ್ನ ಹಗೇವಿನೊಳಗೆ ಇರುವುದು ಯಾರು ಎಂದು ಊರು ಕೇಳುತ್ತದೆ.

ಮಂತ್ರಿ ಕಾಳನ್ನು ಮೂರು ಸಲ ಎಣಿಸಿ ಮತ್ತೆ ಅವಳ ಸೆರಗಿಗೇ ಹಾಕಿದ. "ಸಮ ಆತಲ್ಲ. ಒಂದ ಮನಿ ಉಳೀತು, ನಿಂದು."

"ನನ್ನ ನಾನ ಹೆಂಗ ಕೇಳಲ್ರಿ?"

"ಊರಿಗೆ ಹೆಂಗ ಕೇಳಿದಿ ಹಂಗ. ಹೊರಗ ನಿಂತು ಕೇಳು, ಒಳಗ ಹೋಗಿ ಹೇಳು."

ಮರುದಿನ ಮಟಮಟ ಮಧ್ಯಾಹ್ನ. ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ದುಂಡವ್ವ ತನ್ನ ಮನೆಯ ಹೊರಗೆ ನಿಂತು ಚಿಲಕ ಬಡಿದಳು. "ಕಾಡು ಬೇಕೇನು?" ಎಂದು ಕೇಳಿ ಒಳಗೆ ಓಡಿದಳು. ಉತ್ತರ ಹೇಳೋಣವೆಂದರೆ ಹೊರಗೆ ಕೇಳುವವರು ಇಲ್ಲ. ಹೊರಗೆ ಬಂದರೆ ಒಳಗೆ ಹೇಳುವವರು ಇಲ್ಲ. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಅವಳು ಹೊರಗೆ ನಿಂತು ಕೇಳಿದಾಗ ಖಾಲಿ ಮನೆಯೊಳಗಿನಿಂದ ಉತ್ತರ ಬಂತು.

"ಹ್ಞೂಂ."

ಒಳಗೆ ಹೋದಳು. ಹಾಸುಗಲ್ಲನ್ನು ಅವಳು ಸರಿಸಿರಲಿಲ್ಲ, ಅದು ಸರಿದಿತ್ತು. ಹಗೇವಿನ ಬಾಯಿಯ ಪಕ್ಕ ಕೂತಳು.

"ರೀ."

"ಹ್ಞೂಂ."

"ಕಾಡು ಬೇಕೇನ್ರಿ?"

"ಹ್ಞೂಂ."

"ಬ್ಯಾಡೇನ್ರಿ?"

"ಹ್ಞೂಂ."

"ನೀವು ನನ್ನ ಗಂಡ ಹೌದೇನ್ರಿ?"

"ಹ್ಞೂಂ."

"ಅಲ್ಲೇನ್ರಿ?"

"ಹ್ಞೂಂ."

ಹಣೆಯ ಕುಂಕುಮ ಬೆವರಿಗೆ ಮೂಗಿನ ಮೇಲೆ ಇಳಿಯಿತು. ಆಗ ಅವಳು ಜನ್ಮದಲ್ಲಿ ಮಾಡದ ಕೆಲಸ ಮಾಡಿದಳು. ಎರಡೂ ಕೈ ನೆಲಕ್ಕೆ ಊರಿ, ಗುಂಡಿಯೊಳಗೆ ಬಗ್ಗಿ, ಗಂಡನ ಹೆಸರು ಹಿಡಿದು ಕೂಗಿದಳು. "ಸಾತಪ್ಪ."

ಹ್ಞೂಂ ಬರಲಿಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಬರಲಿಲ್ಲ. ಬಹಳ ಕೆಳಗೆ ಯಾರೋ ಮಗ್ಗುಲು ಬದಲಿಸಿದ ಸದ್ದಾಯಿತು. ಬೇರೆ ಧ್ವನಿ, ಬಳಸದೆ ತುಕ್ಕು ಹಿಡಿದ ಧ್ವನಿ, ತನ್ನಷ್ಟಕ್ಕೆ ಹೇಳಿಕೊಂಡಿತು:

"ಯಾರೋ ಕರ್ಯಾಕತ್ತಾರ. ನನ್ನ ಹೇಂತಿ ಅಲ್ಲ ಬಿಡು. ಆಕಿ ಹೆಸರು ಹಿಡ್ಯಾಂಗಿಲ್ಲ."

ಹೆಜ್ಜೆ ಸದ್ದು ಇನ್ನೂ ಆಳಕ್ಕೆ ಹೋಗತೊಡಗಿತು.

ಒಂದು ಹೆಜ್ಜೆ, ಎರಡು ಹೆಜ್ಜೆ, ಮೂರು ಹೆಜ್ಜೆ. ರೀ ಅಂದರೆ ಕತ್ತಲೆ ಓಗೊಡುತ್ತದೆ. ಹೆಸರು ಹಿಡಿದರೆ ಗಂಡ ಓಗೊಡುವುದಿಲ್ಲ. ದುಂಡವ್ವನಿಗೆ ಮದುವೆಯ ದಿನ ನೆನಪಾಯಿತು. ಇದೇ ಹೊಸ್ತಿಲಲ್ಲಿ ನಾದಿನಿಯರು ಅಡ್ಡ ನಿಂತಿದ್ದರು, ಗಂಡನ ಹೆಸರು ಹೇಳಿದರೆ ಒಳಗೆ ಬಿಡುತ್ತೇವೆ ಎಂದಿದ್ದರು. ಆಗ ಒಡಪು, ಅಂದರೆ ಪ್ರಾಸದ ಎರಡು ಸಾಲು ಕಟ್ಟಿ, ಅದರ ಮಡಿಲಲ್ಲಿ ಹೆಸರನ್ನಿಟ್ಟು ಹೇಳಬೇಕು. ಬರೇ ಹೆಸರು ಯಾರ ಬಾಯಲ್ಲಾದರೂ ಇರುತ್ತದೆ. ಒಡಪಿನೊಳಗಿನ ಹೆಸರು ಹೆಂಡತಿಯ ಬಾಯಲ್ಲಿ ಮಾತ್ರ. ಆ ದಿನದ ಒಡಪು ಅವಳಿಗೆ ಮರೆತುಹೋಗಿತ್ತು. ಏಳು ಹೆಜ್ಜೆ, ಎಂಟು ಹೆಜ್ಜೆ. ಸೆರಗಿನಲ್ಲಿ ಕಾಳಿನ ಗಂಟು ಇತ್ತು. ಅದನ್ನು ನೋಡಿ ಬಾಯಿಗೆ ಬಂದದ್ದನ್ನು ಹೇಳಿದಳು:

"ಅವರಿಕಾಳು ಮೂವತ್ತು, ಹುರಳಿಕಾಳು ಮೂವತ್ತು,
ಸಾತಪ್ಪನ ದಾರಿ ನೋಡೂದ್ರಾಗ ಹೋತು ನನ್ನ ಹೊತ್ತು."

ಹೆಜ್ಜೆ ನಿಂತವು.

"ಹೌದಲ್ಲ, ಅಕೀನ," ಅಂದಿತು ಧ್ವನಿ. "ಎಷ್ಟೊತ್ತಾತು ಕರೀಲಾಕ? ಜೋಳ ತೆಗೆದು ಬುಟ್ಟಿ ಹೊತಗೊಂಡು ನಿಂತೀನಿ."

"ದಿನಾ ಕರದೀನಲ್ರಿ. ಹನ್ನೆರಡು ವರ್ಷ ಕರದೀನಿ."

"ನೀ ರೀ ಅಂತಿದ್ದಿ. ನಾ ಬಾಯಿ ತೆಗೆಯೂದ್ರಾಗ ಇದು ಹ್ಞೂಂ ಅಂತಿತ್ತು. ನಿನಗ ಉತ್ತರ ಸಿಕ್ತಲ್ಲ ಅಂತ ಸುಮ್ಮನಾದೆ."

"ಈಗ ಬರ್ರಿ ಮ್ಯಾಲೆ."

"ಬರ್ತೀನಿ. ಆದ್ರ ಇದು ನನ್ನ ಬೆನ್ನ ಬಿಡಂಗಿಲ್ಲ ನೋಡು. ಇಷ್ಟು ವರ್ಷ ಒಂದ ಬುಟ್ಟೀಲೆ ಜೋಳ ತಿಂದೀವಿ. ಬಂದ್ರ ಎರಡೂ ಬರ್ತೀವಿ. ಮನ್ಯಾಗ ಬೆಳಕು ಉಳಿಯಂಗಿಲ್ಲ."

ದುಂಡವ್ವ ಬಾಗಿಲ ಕಡೆ ನೋಡಿದಳು. ಹೊಸ್ತಿಲ ಮೇಲೆ ಬಿಸಿಲು ಬಿದ್ದಿತ್ತು. ಅದರಾಚೆ ಅವಳು ನಿಂತು ಕುಂಕುಮ ಹಚ್ಚಿದ ಅರವತ್ತು ಹೊಸ್ತಿಲುಗಳಿದ್ದವು. ಸೆರಗಿನಿಂದ ಒಂದು ಅವರೆಕಾಳು ತೆಗೆದು ನೆಲದ ಮೇಲೆ ಇಟ್ಟಳು.

"ಬರ್ರಿ," ಅಂದಳು.

ಮೊದಲು ಒಂದು ಕೈ ಬಂತು. ಅದರ ಹಿಂದೆ ಕತ್ತಲೆ ಬಂತು. ಉಕ್ಕುವ ಹಾಲಿನ ಹಾಗೆ ಸದ್ದಿಲ್ಲದೆ ಬಂದು ಪಡಸಾಲೆ ತುಂಬಿತು, ಹೊಸ್ತಿಲು ದಾಟಿತು. ಬಿಸಿಲು ಕಾಲೆತ್ತಿ ಓಡಿತು. ಕತ್ತಲೆ ಊರಂಚಿನ ಬಯಲಿಗೆ ಇಳಿದು, ಮಂತ್ರಿಯ ನೂರು ಗೂಟಗಳ ನಡುವೆ ಹರಿದು, ಹಳೆಯ ಕಾಡನ್ನು ಮುಟ್ಟಿತು. ನಡುವೆ ರಾಜನ ಹತ್ತು ಬೆರಳು ಇದ್ದವು. ಅವೂ ಮುಚ್ಚಿಹೋದವು.

ಬೇರೆ ಯಾರ ಮನೆಯಿಂದಲೂ ಒಂದು ಕೊಡ ತೆಗೆಯಬೇಕಾಗಲಿಲ್ಲ. ಅದನ್ನು ಕೇಳಿದ ಮೇಲೆ ಹುರುಳಿ ಹಾಕಿಸಿದ ಮೂವತ್ತು ಮನೆಯವರೂ, ನಾವೂ ಹೌದಂತ ಹೇಳಿದ್ದೆವು, ದುಂಡವ್ವ ತಪ್ಪು ಕಾಳು ಹಾಕಿಕೊಂಡಳು, ಎಂದರು.

ಇನ್ನು ರಾಜ. ಅವತ್ತು ಅವನು ಹಾಯಾಗಿ ಮಲಗಿದ. ಅರೆನಿದ್ದೆಯಲ್ಲಿ ಯಾರೋ ಅಂಗಾಲು ಸವರಿದಂತಾಯಿತು.

"ಯಾರದು? ಮಂತ್ರಿಯೇನು?"

"ಹ್ಞೂಂ."

"ಮಂತ್ರಿ ಅಲ್ಲೇನು?"

"ಹ್ಞೂಂ."

ರಾಜ ಮೊಣಕಾಲನ್ನು ಗದ್ದಕ್ಕೆ ಮಡಿಚಿಕೊಂಡ. ಆಮೇಲೆ ಅವನು ಕಾಲು ಚಾಚಿ ಮಲಗಲೇ ಇಲ್ಲ. ಮಡಿಚಿದ ಕಾಲಿಗೆ ಹಳೆಯ ಕಾಡೇ ಸಾಕಾಗಿತ್ತು. ಅದನ್ನು ಅವನಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ದುಂಡವ್ವನ ಮನೆ ಈಗ ಕಾಡಿನ ಒಳಗಿದೆ. ಕರೆ ಹೇಳಲು ಅವಳು ಊರಿಗೆ ಬರುವುದಿಲ್ಲ. ಮಧ್ಯಾಹ್ನ ಆ ಕಡೆ ಸೌದೆಗೆ ಹೋದವರಿಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತದಂತೆ. ಆಮೇಲೆ ಬಳೆಯ ಸದ್ದು. ಆಮೇಲೆ, "ರೀ, ಊಟಕ್ಕ ಬರ್ರಿ," ಎಂದು ಹೆಣ್ಣಿನ ಧ್ವನಿ. ಅದಕ್ಕೆ ಎರಡು ಹ್ಞೂಂ ಬರುತ್ತವಂತೆ. ದುಂಡವ್ವ ಮೂರು ತಟ್ಟೆ ಇಡುತ್ತಾಳೆ.

ನೀತಿ ಬೇಕೆನ್ನುವವರು ತಗೊಳ್ಳಿ: ಕೇಳಿದ್ದಕ್ಕೆಲ್ಲ ಹ್ಞೂಂ ಅನ್ನುವವನನ್ನು ಹೌದಿನ ಕಡೆ ಎಣಿಸುವ ಮೊದಲು ಅವನ ಹೆಂಡತಿಯ ಬಾಯಿಂದ ಒಂದು ಒಡಪು ಹೇಳಿಸಿ ನೋಡಬೇಕು.

ಕತೆ ಅಲ್ಲಿ ಕತ್ತಲೆಯಲ್ಲಿ ಉಳಿಯಿತು, ನಾವು ಇಲ್ಲಿ ದೀಪದ ಮುಂದೆ ಉಳಿದೆವು. ಚೆನ್ನಾಗಿ ಹ್ಞೂಂ ಅಂದಿರಿ. ನೀವು ಕೂತವರು ಐದು ಜನ. ನಾನು ಮೊದಲಿನಿಂದ ಎಣಿಸುತ್ತಾ ಬಂದೆ. ಪ್ರತಿ ಸಲವೂ ಆರು ಹ್ಞೂಂ ಬಂದವು.

ಆ ಬತ್ತಿಯನ್ನು ಸ್ವಲ್ಪ ಮುಂದಕ್ಕೆ ಸರಿಸಿ.